ತಹಹಯಾತ

ನಾವು ವೃತ್ತಿಯಿಂದ ಗುಮಾಸ್ತರು. ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕಾಗದದ ಮೇಲೆ ಕಾಗದ ಪೇರಿಸುತ್ತ ಜೀವನ ಸಾಗಿಸಿದ್ದೇವೆ. 'ನಾವು' ಎಂದೊಡನೆ ವಾಚಕರು ನಮ್ಮನ್ನು ಯಾವುದೋ ಮಠದ ಸ್ವಾಮಿಗಳೆಂದಾಗಲಿ, ಹಳೆಯ ಸಂಸ್ಥಾನಿಕರೆಂದಾಗಲಿ ತಿಳಿಯಬಾರದು. ಕಚೇರಿಯಲ್ಲಿ ಒಬ್ಬನೇ ಕುಳಿತು ಬರೆದರೂ 'ನಮ್ಮ ಇಂಥ ತಾರೀಖಿನ ಪತ್ರವನ್ನು ಅವಲೋಕಿಸಬೇಕು' ಎಂದೇ ಬರೆಯಬೇಕು. ಆ ಚಟ ಮನೆಯವರೆಗೂ ಹಿಂಬಾಲಿಸಿ ಬಂದಿದೆ, ಅಷ್ಟೆ.

ಗುಮಾಸ್ತ ಎಂಬುದು ಪಾರಸಿ ಶಬ್ದ. ನೇಮಕಗೊಂಡವನು, ಇನ್ನೊಬ್ಬರ ಪರವಾಗಿ ಕೆಲಸ ನೋಡುವವನು ಎಂದು ಅದರ ಅರ್ಥ. ಇದನ್ನು ನಾವು ಕಲಿತದ್ದು ಇತ್ತೀಚೆಗೆ. ಬಿ.ಎ. ಪರೀಕ್ಷೆಗೆ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿದವರೆಂದು ಶಬ್ದಾರ್ಥದ ವಿಷಯದಲ್ಲಿ ನಮಗೆ ಒಂದಿಷ್ಟು ಜಂಬವಿತ್ತು. 'ಸದರೀ', 'ಮಜಕೂರ', 'ವಗೈರೆ' ಎಂದು ದಿನಕ್ಕೆ ಹತ್ತು ಸಲ ಬರೆಯುವ ಕೈ ನಮ್ಮದು. ಬರೆಯುವ ಕೈಗೆ ಅರ್ಥ ತಿಳಿದಿರಲೇಬೇಕೆಂಬ ನಿಯಮ ಯಾವ ಕಚೇರಿಯಲ್ಲಿಯೂ ಇಲ್ಲವೆಂಬುದು ಆಗ ಹೊಳೆದಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಧಾರವಾಡದಿಂದ ನಮ್ಮ ಅಣ್ಣ ಕಳಿಸಿದ ಸ್ಪೀಡ್ ಪೋಸ್ಟ್ ಲಕೋಟೆ ಬಂದಿತು. ನಾವು ಕಚೇರಿಯಲ್ಲಿದ್ದೆವು. ನಮ್ಮ ಮನೆಯವರು ಒಡೆದು ನೋಡಿದರು. ಮೇಲಿನ ಚೀಟಿಯಲ್ಲಿ ಅಣ್ಣ ದೊಡ್ಡ ಅಕ್ಷರದಲ್ಲಿ ಬರೆದಿದ್ದ: 'ಇದರ ಜೋಡಿ ಅಜ್ಜನ ಮೃತ್ಯುಪತ್ರ ಅದ. ನೋಡಿ ಕೂಡಲೇ ಫೋನ್ ಮಾಡು.' ನಮ್ಮ ಮನೆಯವರ ತವರು ತುಮಕೂರಿನ ಕಡೆ. ಆಕೆ 'ಮೃತ್ಯು' ಎಂಬ ಎರಡಕ್ಷರ ಓದಿ, ಮುಂದಿನದನ್ನು ಓದದೆ, ನಮಗೆ ಫೋನ್ ಮಾಡಿ ಅಳುದನಿಯಲ್ಲಿ, "ಏನ್ರೀ, ಊರಲ್ಲಿ ಯಾರಿಗೋ ಏನೋ ಆಗಿದೆ, ಬೇಗ ಬನ್ನಿ" ಎಂದರು. ನಾವು ಅರ್ಧ ದಿನದ ರಜೆ ಹಾಕಿ ಓಡಿದೆವು. ಬಂದು ನೋಡಿದರೆ, ತೀರಿಕೊಂಡವರು ನಮ್ಮ ಅಜ್ಜ, ತೀರಿಕೊಂಡದ್ದು ೧೯೭೧ರಲ್ಲಿ.

"ಉಯಿಲು ಅಂತ ಬರೆಯೋಕೆ ನಿಮ್ಮ ಅಣ್ಣನವರಿಗೆ ಏನು ಕಷ್ಟ?" ಎಂದು ನಮ್ಮ ಮನೆಯವರಿಗೆ ಸಿಟ್ಟು ಬಂದಿತು. ಉಯಿಲು ಎಂದರೆ ಇಂಗ್ಲಿಷಿನ ವಿಲ್ಲು, ಮೈಸೂರಿನ ನೀರು ಕುಡಿದು ದುಂಡಗಾದದ್ದು. ಮಂಗಳೂರಿನ ಕಡೆಯ ನಮ್ಮ ನೆರೆಯವರು ಅದನ್ನೇ ವೀಲುನಾಮೆ ಎನ್ನುತ್ತಾರೆ. ಮುಂಬಯಿ ರಾಜ್ಯದಲ್ಲಿ ೧೯೫೬ರ ನವೆಂಬರದವರೆಗೆ ಇದ್ದ ನಮ್ಮ ಧಾರವಾಡದವರಿಗೆ ಮಾತ್ರ ಮರಾಠಿಯವರಂತೆ ಮೃತ್ಯುಪತ್ರ. ಕೇಳಿದೊಡನೆ ಎದೆ ಧಸಕ್ಕೆನ್ನುವ ಹೆಸರು, ನಿಜ. ಆದರೆ ನಮ್ಮ ಮನೆಯಲ್ಲಿ ಇಂಥ ಜಗಳ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ತಂದೆಯವರು, "ನಮ್ಮ ಹೊಲಾ ಲಾವಣಿಗೆ ಹೋಗಿತ್ತಮ್ಮಾ, ಎಪ್ಪತ್ತನಾಲ್ಕರಾಗ ಕಾಯಿದೆ ಬಂದು ಉಳುವವರದಾತು" ಎಂದು ಸೊಸೆಗೆ ಹೇಳಿದ್ದರು. ಆಕೆ ರಾತ್ರಿ ನಮ್ಮನ್ನು ಕೇಳಿದರು: "ನಿಮ್ಮ ಮನೇಲಿ ಹಾಡೋರು ಯಾರು?" ನಮ್ಮ ಕಡೆ ಲಾವಣಿಯೆಂದರೆ ಹಾಡೂ ಹೌದು, ಗೇಣಿಗೆ ಕೊಡುವುದೂ ಹೌದು. ಅದಕ್ಕೆ ಬದಲಾಗಿ, ಬೆಂಗಳೂರಿನಲ್ಲಿರುವ ನಾದಿನಿ ಮನೆಯನ್ನು 'ಭೋಗ್ಯಕ್ಕೆ' ಹಿಡಿದಿದ್ದಾಳೆಂದು ಕೇಳಿ ನಾವು ಆಕೆಯ ಭೋಗಭಾಗ್ಯವನ್ನು ಮೆಚ್ಚಿ ಎರಡು ಮಾತು ಆಡಿ ನಗೆಪಾಟಲಾದೆವು. ಒಂದೇ ಗಂಟಾಗಿ ಹಣ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ತಿರುಗಿ ಪಡೆಯುವುದಕ್ಕೆ ಅಲ್ಲಿ ಆ ಹೆಸರು. ಮೂಲದಲ್ಲಿ ಅದು ಅಡಮಾನದ ಮಾತು: ಸಾಲ ಕೊಟ್ಟವನು ಬಡ್ಡಿಯ ಬದಲು ಹೊಲಮನೆಯ ಫಲವನ್ನು ಉಣ್ಣುವುದು.

ನಮ್ಮ ಮನೆಯವರ ಬಳಿ ಇನ್ನೂ ಒಂದು ಅಸ್ತ್ರವುಂಟು. ಅವರ ಅಜ್ಜ ಮೂವತ್ತು ನಲವತ್ತರ ನಿವೇಶನ ಕೊಂಡ ಕ್ರಯಪತ್ರದಲ್ಲಿ 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ' ಎಂದಿದೆಯಂತೆ. ವಿಜಯನಗರದ ಅರಸರು ಅಗ್ರಹಾರ ಬಿಡುವಾಗ ತಾಮ್ರಪಟದಲ್ಲಿ ಕೆತ್ತಿಸಿದ ಮಾತುಗಳು ಇವು. ಇದ್ದ ನಿಧಿ, ಹೂತಿಟ್ಟ ನಿಧಿ, ನೀರು, ಕಲ್ಲು, ಈಗಿನ ಲಾಭ, ಮುಂದಿನ ಲಾಭ, ಆಗಿರುವುದು, ಆಗಬಹುದಾದದ್ದು — ಎಲ್ಲವೂ ಕೊಂಡವನಿಗೇ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ೧೮೭೮ರಲ್ಲಿಯೇ ಕಾಯಿದೆಯಾದರೂ ಪತ್ರ ಬರೆಯುವವರು ನಿಧಿಯನ್ನು ಬಿಡಲಿಲ್ಲ. ನಿವೇಶನದಲ್ಲಿ ಸಿಕ್ಕದ್ದು ಪಾಷಾಣ ಮಾತ್ರವೆಂದು ನಮ್ಮ ಮಾವನವರೇ ಒಪ್ಪಿಕೊಂಡಿದ್ದಾರೆ. ಇರಲಿ.

ಲಕೋಟೆಯಲ್ಲಿ ಎರಡು ಕಾಗದಗಳಿದ್ದವು. ಒಂದು, ನಮ್ಮ ಸಹಿಗಾಗಿ ಬೆರಳಚ್ಚು ಮಾಡಿಸಿದ ಮುಖತ್ಯಾರಪತ್ರದ ಕರಡು. ಧಾರವಾಡದ ಹಳೆಯ ಓಣಿಯಲ್ಲಿರುವ ನಮ್ಮ ಮನೆಯನ್ನು ಕಟ್ಟಡ ಕಟ್ಟುವವರೊಬ್ಬರು ಕೇಳುತ್ತಿದ್ದಾರೆ. ಮಾರುವ ಅಧಿಕಾರವನ್ನು ನಾವು ಅಣ್ಣನಿಗೆ ಬರೆದುಕೊಡಬೇಕು. ತಂದೆತಾಯಿಗಳಿಬ್ಬರೂ ಇಲ್ಲ, ಮನೆ ನಮ್ಮಿಬ್ಬರಿಗೂ ಸಮನಾಗಿ ಬಂದದ್ದು. ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮಾಳಿಗೆ ಸೋರುತ್ತದೆ. ಇವೆಲ್ಲ ನಮಗೆ ಗೊತ್ತಿದ್ದ ಸಂಗತಿಗಳೇ. ಇನ್ನೊಂದು, ತಂದೆಯವರ ಟ್ರಂಕಿನಲ್ಲಿ ಸಿಕ್ಕ ಅಜ್ಜನ ಮೃತ್ಯುಪತ್ರದ ನಕಲು, ೧೯೬೮ರದು.

ಅದನ್ನು ಓದುವುದೆಂದರೆ ಗೋಕಾಕದ ಧಬಧಬೆಯ ಕೆಳಗೆ ನಿಂತಂತೆ, ಎಲ್ಲಿಯೂ ಪೂರ್ಣವಿರಾಮವಿಲ್ಲ. 'ಖುಷಿ ಅಕಲಹುಷಾರಿಯಿಂದ' ಎಂದು ಆರಂಭ. ಸ್ವಕಷ್ಟಾರ್ಜಿತ ಮನೆ, ಚತುಃಸೀಮೆ, ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಎಲ್ಲವೂ ಆದ ಮೇಲೆ ಮನೆ ಮಗನಿಗೆ, ಅಂದರೆ ನಮ್ಮ ತಂದೆಯವರಿಗೆ. ಅನಂತರ ಒಂದು ಸಾಲು: 'ಸದರೀ ಮನೆಯ ಪೈಕಿ ಹಿತ್ತಲ ಬದಿಯ ಖೋಲಿ ನನ್ನ ಮಗಳ ತಹಹಯಾತ ವಹಿವಾಟಿಗೆ ಇಟ್ಟದ್ದು ಅದೆ ಇದಕ್ಕೆ ಯಾರೂ ಹರಕತ್ತು ಮಾಡತಕ್ಕದ್ದಲ್ಲ.'

ಮಗಳೆಂದರೆ ನಮ್ಮ ಸೋದರತ್ತಿ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಈಗ ಎಂಬತ್ತು ದಾಟಿದ್ದಾಳೆ. ಹಿತ್ತಲ ಬದಿಯ ಆ ಖೋಲಿಯಲ್ಲಿಯೇ ಇದ್ದಾಳೆ. ನಮ್ಮ ತಾಯಿ ತೀರಿಕೊಂಡಾಗ ನಾವು ಎರಡನೆಯ ಇಯತ್ತೆ. ನಮಗೆ ಊಟಕ್ಕಿಟ್ಟು, ಪಾಟಿ ತೊಳೆದುಕೊಟ್ಟು ಬೆಳೆಸಿದವಳು ಆಕೆ.

ಫೋನ್ ಮಾಡಿದೆವು. ಅಣ್ಣ ದನಿ ತಗ್ಗಿಸಿ ಮಾತಾಡಿದ.

"ಆ ಸಾಲು ಓದಿದೇನು? ಬಾಂಡ್ ರೈಟರ ಹುಡುಗನ್ನ ಕೇಳಿದೆ. ಹಯಾತ ಅಂದ್ರ ಸಾಬರ ಹೆಸರು ಅಂದಾ. ಯಾರೋ ಹಯಾತಸಾಬ ಅಂತ ಇದ್ದಿರಬೇಕು, ಅವನ ಜೋಡಿ ಅತ್ತಿದು ಏನೋ ವಹಿವಾಟ ಇತ್ತಂತ ಕಾಣಸ್ತದ. ಅದಕ್ಕ ಆ ಖೋಲಿ ಬಿಟ್ಟಿದ್ರೋ ಏನೋ. ಈಗ ಅವನೂ ಇಲ್ಲ, ವಹಿವಾಟೂ ಇಲ್ಲ."

ಅತ್ತಿಯನ್ನೇ ಕೇಳಬಾರದೇಕೆ ಎಂದೆವು.

"ಏ, ಅದನ್ನ ಹ್ಯಾಂಗ ಕೇಳೂದೋ! ವಯಸ್ಸಾದಾಕಿ."

ವಾಚಕರು ನಗಬಹುದು. ಆದರೆ ಆಗ ನಮಗೂ ಬೇರೆ ಅರ್ಥ ತೋಚಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬಿ.ಎ. ಐಚ್ಛಿಕ ಕನ್ನಡ! ರಾತ್ರಿಯೆಲ್ಲ ಹಯಾತಸಾಬರು ನಮ್ಮ ಕಣ್ಣಮುಂದೆ ಓಡಾಡಿದರು. ಬೀಡಿ ವ್ಯಾಪಾರಿಯೋ, ತೆಂಗಿನಕಾಯಿ ಮಂಡಿಯವರೋ. ಅತ್ತಿ ಅವರ ಲೆಕ್ಕ ಬರೆಯುತ್ತಿದ್ದಳೋ ಏನೋ. ನಮ್ಮ ಮನೆಯವರು ಮಾತ್ರ, "ಅತ್ತೆಯವರು ಹಾಲಿನವನ ಹತ್ತಿರಾನೂ ಬಾಗಿಲ ಹಿಂದೆ ನಿಂತು ಮಾತಾಡೋರು, ಅವರಿಗೆ ಯಾವ ವಹಿವಾಟು ರೀ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಕಾಗದ ಓದಿದ ನಮ್ಮಿಬ್ಬರಿಗಿಂತ, ಅತ್ತಿಯನ್ನು ನಾಲ್ಕು ಸಲ ಕಂಡ ಆಕೆಗೇ ವಿಷಯ ಹೆಚ್ಚು ತಿಳಿದಿತ್ತು.

ಮರುದಿನ ಕಚೇರಿಯಲ್ಲಿ ನಮ್ಮ ವಿಭಾಗದ ಹಿರಿಯರಿಗೆ ಆ ನಕಲನ್ನು ತೋರಿಸಿದೆವು. ಅವರು ಮರಾಠಿಯವರು, ಎಲ್ಲರೂ ಅವರನ್ನು ನಾನಾ ಎನ್ನುತ್ತೇವೆ. ಕನ್ನಡ ಅವರಿಗೆ ಓದಲು ಬಾರದು. ನಾವೇ ಓದಿ ಹೇಳಿದೆವು. 'ತಹಹಯಾತ' ಎನ್ನುವಷ್ಟರಲ್ಲಿ ಅವರು ಚಹದ ಬಟ್ಟಲನ್ನು ಕೆಳಗಿಟ್ಟು ನಕ್ಕರು.

"ಅಹೋ, ತಹಹಯಾತ ಮ್ಹಣಜೆ ಜನ್ಮಭರ!"

ಜೀವವಿರುವವರೆಗೆ. ಪಾರಸಿಯಲ್ಲಿ 'ತಾ' ಎಂದರೆ ವರೆಗೆ. 'ಹಯಾತ್' ಎಂದರೆ ಬದುಕು, ಅರಬ್ಬಿಯಿಂದ ಬಂದದ್ದು. ಮರಾಠಿಯಲ್ಲಿ ಇಂದಿಗೂ ಸಂಸ್ಥೆಗಳಿಗೆ ತಹಹಯಾತ ಅಧ್ಯಕ್ಷರಿರುತ್ತಾರೆ. ಅದಕ್ಕಿಂತ ನಮ್ಮನ್ನು ನಾಚಿಸಿದ್ದು ನಾನಾ ತೆಗೆದು ತೋರಿಸಿದ ಇನ್ನೊಂದು ಕಡತ. ಪ್ರತಿ ನವೆಂಬರದಲ್ಲಿ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಕೊಡುವ ಪತ್ರಕ್ಕೆ ಮರಾಠಿಯಲ್ಲಿ 'ಹಯಾತೀಚಾ ದಾಖಲಾ' ಎನ್ನುತ್ತಾರೆ. ಹನ್ನೊಂದು ನವೆಂಬರಗಳಲ್ಲಿ ಅವುಗಳ ಮೇಲೆ ಠಸ್ಸೆ ಒತ್ತಿದ ಕೈ ನಮ್ಮದೇ. ಆ ಹಯಾತೇ ಈ ಹಯಾತವೆಂದು ತಲೆಗೆ ಹೋಗಿರಲಿಲ್ಲ.

ವಹಿವಾಟವೂ ವ್ಯಾಪಾರವಲ್ಲ. ಈಗಿನ ಕನ್ನಡದಲ್ಲಿ ವಹಿವಾಟು ಎಂದರೆ ಕೊಡುವ ಕೊಳ್ಳುವ ವ್ಯವಹಾರ, ನಿಜ. ಹಳೆಯ ಕಾಗದದಲ್ಲಿ ಅದು ಅನುಭೋಗ: ಒಂದು ಜಾಗವನ್ನು ತನ್ನದೆಂದು ಬಳಸಿ, ಕಸ ಗುಡಿಸಿ, ಬಾಗಿಲು ಹಾಕಿ ತೆಗೆದು ಇರುವುದು. 'ಕಬಜಾ ವಹಿವಾಟು' ಎಂದು ಜೋಡಿಯಾಗಿಯೇ ಬರೆಯುತ್ತಿದ್ದರು. ಜನರು ನಡೆದು ನಡೆದು ಬಳಕೆಯಾದ ದಾರಿಗೆ ಮರಾಠಿಯಲ್ಲಿ ಇಂದಿಗೂ ವಹಿವಾಟ ರಸ್ತೆಯೆನ್ನುತ್ತಾರೆ. ಅಂತೂ ನಮ್ಮ ಅಜ್ಜ ಬರೆಸಿದ್ದು ಇಷ್ಟೇ: ಹಿತ್ತಲ ಖೋಲಿ ನನ್ನ ಮಗಳು ಬದುಕಿರುವವರೆಗೆ ಅವಳ ಬಳಕೆಗೆ, ಯಾರೂ ಅಡ್ಡಿ ಮಾಡಕೂಡದು. ಹಯಾತಸಾಬರು ಅಲ್ಲಿಯೇ ಗಾಳಿಯಲ್ಲಿ ಕರಗಿಹೋದರು.

ಆ ವಾರವೆಲ್ಲ ನಮಗೆ ಶಬ್ದಗಳ ಹುಚ್ಚು ಹಿಡಿಯಿತು. ಕಾನೂನು ಎಂಬ ಶಬ್ದವೇ ಗ್ರೀಕರಿಂದ ಅರಬರಿಗೆ ಬಂದು ಅಲ್ಲಿಂದ ನಮಗೆ ಬಂದದ್ದು. ದಸ್ತಾವೇಜು, ದಸ್ಕತ್ತು ಎರಡರಲ್ಲಿಯೂ ಇರುವ 'ದಸ್ತ' ಎಂದರೆ ಕೈ. ಮನೆಯ ಪಾತ್ರೆಪಡಗ ಜಪ್ತಿ ಮಾಡಲು ಬರುವನೆಂದು ಜನ ಹೆದರುವ ಕೋರ್ಟಿನ ಅಮೀನನ ಹೆಸರಿಗೆ ಅರಬ್ಬಿಯಲ್ಲಿ ನಂಬಿಗಸ್ತನೆಂದರ್ಥ! ಹಕ್ಕು ಎಂಬುದು ಅಪ್ಪಟ ಕನ್ನಡವೆಂದೇ ನಾವು ನಂಬಿದ್ದೆವು. ಅದೂ ಅರಬ್ಬಿ; ಸತ್ಯವೆಂಬ ಅರ್ಥವೂ ಅದಕ್ಕಿದೆ. ಈ ಪಾರಸಿ ಅರಬ್ಬಿಗಳನ್ನು ಕಚೇರಿಯಿಂದ ಹೊರಡಿಸಲು ಶಿವಾಜಿ ಮಹಾರಾಜರು ರಾಜವ್ಯವಹಾರಕೋಶವೆಂಬ ನಿಘಂಟನ್ನೇ ಮಾಡಿಸಿ ಸಂಸ್ಕೃತ ಶಬ್ದಗಳನ್ನು ಕೊಡಿಸಿದರು. ಕಂಪನಿ ಸರಕಾರವು ೧೮೩೭ರಲ್ಲಿ ಕೋರ್ಟುಗಳಿಂದ ಪಾರಸಿಯನ್ನು ಬಿಡಿಸಲು ಕಾಯಿದೆ ಮಾಡಿತು. ಭಾಷೆ ಹೋಯಿತು, ಶಬ್ದಗಳು ಕುರ್ಚಿ ಬಿಡಲಿಲ್ಲ. ಕೊನೆಗೆ ವಿಲ್ಸನ್ ಎಂಬ ಪಂಡಿತ ಅವಕ್ಕೆಲ್ಲ ಅರ್ಥ ಬರೆದು ೧೮೫೫ರಲ್ಲಿ ದಪ್ಪ ಕೋಶವೊಂದನ್ನು ಅಚ್ಚು ಹಾಕಿಸಬೇಕಾಯಿತು. ನಾನಾ ಹೇಳುವ ಪ್ರಕಾರ, ಕಚೇರಿಯಲ್ಲಿ ಗುಮಾಸ್ತನಿಗೂ ಶಬ್ದಕ್ಕೂ ಒಂದೇ ನಿಯಮ: ಒಮ್ಮೆ ಒಳಗೆ ಬಂದವರನ್ನು ತೆಗೆಯುವುದು ಕಠಿಣ.

ಅಣ್ಣನಿಗೆ ಅರ್ಥವನ್ನು ಫೋನಿನಲ್ಲಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ನೀನೇ ಬಾ" ಎಂದ.

ಹೋಗುವ ಮುನ್ನ ನಮ್ಮ ಸಂಘದಲ್ಲಿರುವ ವಕೀಲರೊಬ್ಬರನ್ನು ಕಂಡೆವು. ಮೃತ್ಯುಪತ್ರ ಓದುವವನು ಅದನ್ನು ಬರೆಸಿದವನ ಕುರ್ಚಿಯಲ್ಲಿ ಕುಳಿತು ಓದಬೇಕೆಂಬುದು ಕೋರ್ಟುಗಳ ಹಳೆಯ ಪದ್ಧತಿಯೆಂದು ಅವರು ಹೇಳಿದರು. ಅವನ ಮನೆ ಹೇಗಿತ್ತು, ಸುತ್ತ ಯಾರಿದ್ದರು, ಯಾರ ಚಿಂತೆ ಅವನಿಗಿತ್ತು, ಎಲ್ಲವನ್ನೂ ನೋಡಬೇಕು. ಸ್ವತ್ತಿನ ಹಕ್ಕಿನಲ್ಲಿ ತನಗೆ ಗೊತ್ತಿರುವ ದೋಷವನ್ನು ಮಾರುವವನು ಕೊಳ್ಳುವವನಿಗೆ ಮುಚ್ಚಿಡುವಂತಿಲ್ಲವೆಂದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೫ನೆಯ ಕಲಮು ಹೇಳುತ್ತದೆ. ಇಷ್ಟಕ್ಕೆ ಅವರು ನಿಲ್ಲಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆ ೧೯೫೬ರಲ್ಲಿ ಬಂದಿತಲ್ಲ, ಅದರ ೧೪ನೆಯ ಕಲಮಿನಲ್ಲಿ ಎರಡು ಮಾತುಗಳಿವೆಯಂತೆ. ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಆಕೆ ಪೂರ್ಣ ಒಡತಿ, ಇದು ಮೊದಲನೆಯದು. ಮೃತ್ಯುಪತ್ರವೇ ಮಿತಿ ಹಾಕಿ ಕೊಟ್ಟಿದ್ದರೆ ಆ ಮಿತಿ ಉಳಿಯುತ್ತದೆ, ಇದು ಎರಡನೆಯದು. ಆದರೆ ಆಕೆಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗಾಗಿ ಕೊಟ್ಟದ್ದಾದರೆ ಮಿತಿಯ ಮಾತು ನಿಲ್ಲದು, ಪೂರ್ಣ ಒಡೆತನವೇ ಎಂದು ೧೯೭೭ರಲ್ಲಿ ತುಳಸಮ್ಮ ಎಂಬವರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. "ನಿಮ್ಮ ಅತ್ತೆಯವರು ತಂದೆಯ ಆಸರೆಯಲ್ಲಿದ್ದ ವಿಧವೆ ಮಗಳು. ಆ ಖೋಲಿ ಅವರದೇ ಎಂದು ವಾದಿಸಲು ಆಸ್ಪದವಿದೆ" ಎಂದರು. ನಾವು ಗುಟುಕು ನೀರು ಕುಡಿದೆವು. ಅಣ್ಣನಿಗೆ ಇದನ್ನು ಹೇಗೆ ಹೇಳುವುದು?

ರಾತ್ರಿಯ ಗಾಡಿಯಲ್ಲಿ ಹೋಗಿ ಬೆಳಗಿಗೆ ಧಾರವಾಡದಲ್ಲಿ ಇಳಿದೆವು. ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಮೂರು ಕಡೆ ಬಕೀಟು ಇಟ್ಟಿದ್ದರು. ವೈನಿ ಬಿಸಿ ಅವಲಕ್ಕಿ ಕೊಟ್ಟರು. ಅತ್ತಿ ಹಿತ್ತಲ ಖೋಲಿಯಿಂದ ಗೋಡೆ ಹಿಡಿದುಕೊಂಡು ಬಂದು ನಮ್ಮ ಗದ್ದ ಮುಟ್ಟಿ, "ಎಷ್ಟು ಸೊರಗಿಯೋ" ಎಂದಳು. ಎಪ್ಪತ್ತೆಂಟು ಕಿಲೋ ತೂಗುವ ನಮ್ಮನ್ನು ಹಾಗೆನ್ನುವವರು ಲೋಕದಲ್ಲಿ ಆಕೆ ಒಬ್ಬಳೇ.

ಮಧ್ಯಾಹ್ನ ಅಣ್ಣ ಕರಡನ್ನು ಮುಂದಿಟ್ಟ. ಅದರಲ್ಲಿಯ ಐದನೆಯ ಕಲಮು ಹೀಗಿತ್ತು: 'ಸದರೀ ಮಿಳಕತ್ತಿನ ಮೇಲೆ ಯಾರದೂ ಯಾವ ತರಹದ ಬೋಜಾ ಇರುವದಿಲ್ಲ.' ಇದಕ್ಕೆ ನಾವು ಸಹಿ ಮಾಡುವುದು ಹೇಗೆಂದು ಕೇಳಿದೆವು. ಅತ್ತಿಯ ಹಕ್ಕು ಇದೆಯಲ್ಲ. ಕಾಯಿದೆಯ ಮಾತಿನಲ್ಲಿ ಅದು ಬೋಜಾ ಆಗುತ್ತದೆ, ಬರೆಯಬೇಕು ಎಂದೆವು. ಆಡಿದ ಮೇಲೆ ತಲೆಯೆತ್ತಿ ನೋಡಿದರೆ, ಅತ್ತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಾ ಬೋಜಾ ಅಂತ ಬರದಾರೇನೋ?"

ಸಿಟ್ಟಿನಿಂದಲ್ಲ, ಅಳುತ್ತಲೂ ಅಲ್ಲ. ಅಂಗಡಿಯಲ್ಲಿ ಬೇಳೆಯ ದರ ಕೇಳಿದಂತೆ ಕೇಳಿದಳು. ನಾವು ಎದ್ದು ನಿಂತು ವಿವರಿಸತೊಡಗಿದೆವು. ಇಲ್ಲಿ ಬೋಜಾ ಎಂದರೆ ಭಾರವಲ್ಲ. ಸ್ವತ್ತಿನ ಮೇಲೆ ಬೇರೆಯವರಿಗಿರುವ ಹಕ್ಕು. ಬ್ಯಾಂಕಿನ ಸಾಲಕ್ಕೂ ಉತಾರದಲ್ಲಿ ಹೀಗೆಯೇ ಬರೆಯುತ್ತಾರೆ. ಇದು ಕಚೇರಿಯ ಶಬ್ದ. ಹೇಳಿದಷ್ಟೂ ನಮ್ಮ ಮಾತು ನಮಗೇ ಟೊಳ್ಳಾಗಿ ಕೇಳಿಸಿತು. ಆಕೆಯನ್ನು ಬ್ಯಾಂಕಿನ ಸಾಲದ ಪಕ್ಕದಲ್ಲಿ ನಿಲ್ಲಿಸಿದ್ದಾಗಿತ್ತು.

"ಎಲ್ಲಿ ಸಹಿ ಮಾಡಬೇಕು ಹೇಳು, ಮಾಡ್ತೀನಿ. ನನಗೇನು, ಒಂದು ಮೂಲಿ ಸಾಕು" ಎಂದು ಅತ್ತಿ ಸೆರಗಿಗೆ ಕೈ ಒರೆಸಿಕೊಂಡಳು.

ಆಗ ಅಣ್ಣ ಬಾಯಿ ತೆರ‍ೆದ. ಅತ್ತಿಗಲ್ಲ, ನಮಗೆ.

"ನೀ ಪುಣೇದಾಗ ಕೂತು ಶಬ್ದದ ಅರ್ಥಾ ಹುಡುಕ್ತಿ. ಇಲ್ಲೆ ಮಳಿ ಬಂದ್ರ ರಾತ್ರಿ ಎರಡು ಸಲ ಎದ್ದು ಬಕೀಟು ಖಾಲಿ ಮಾಡಾಂವ ನಾನು. ಅತ್ತಿಗೆ ಜ್ವರ ಬಂದ್ರ ದವಾಖಾನಿಗೆ ಒಯ್ಯಾಂವ ನಾನು. ಅಕಿನ್ನ ಬೀದಿಗೆ ಹಾಕ್ತೀನಿ ಅಂತ ತಿಳದೀಯೇನು? ಎಲ್ಲಿ ಹೋದ್ರೂ ಅಕಿ ನನ್ನ ಜೋಡಿನೇ ಬರಾಕಿ. ಅದನ್ನ ಯಾವ ಕಾಗದದಾಗೂ ಬರದಿಲ್ಲ, ಹೌದು."

ನಮ್ಮಲ್ಲಿ ಉತ್ತರವಿರಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರ ವಹಿವಾಟು ವರ್ಷಕ್ಕೆ ಒಂದು ದೀಪಾವಳಿ, ನಾಲ್ಕು ಫೋನು, ಒಂದು ಡಬ್ಬಿ ಬಾಕರವಡಿ. ಸೋರುವ ಮಾಳಿಗೆಯನ್ನು ನಾವು ಪುಣೆಯಿಂದ ವಾತ್ಸಲ್ಯದಿಂದ ನೆನೆಸಿಕೊಳ್ಳುತ್ತೇವೆ. ಅದರ ಕೆಳಗೆ ಮಲಗುವವರು ಬೇರೆ. ಹಯಾತಸಾಬರನ್ನು ನಂಬಿದ ಅಣ್ಣನನ್ನು ಮನಸ್ಸಿನಲ್ಲಿಯೇ ಹಗುರವಾಗಿ ಕಂಡಿದ್ದೆವಲ್ಲ, ಅದೂ ನೆನಪಾಯಿತು. ಆದರೂ ಅಣ್ಣನ ಮಾತಿನಲ್ಲಿ ಒಂದು ಮುಳ್ಳು ಉಳಿಯಿತು. ಅಣ್ಣನಿಗೂ ಐವತ್ತರ ಹತ್ತಿರ ಬಂದಿದೆ, ಸಕ್ಕರೆ ರೋಗವಿದೆ. ಅವನ ಬಾಯಿಮಾತು ಅವನ ಹಯಾತಿಯವರೆಗೆ. ಅಜ್ಜನ ಕಾಗದ ಅತ್ತಿಯ ಹಯಾತಿಯವರೆಗೆ. ಅಂತರ ಅಷ್ಟೇ, ಬಾಯಿಬಿಟ್ಟು ಹೇಳುವಂಥದಲ್ಲ.

ವೈನಿ ನಡುವೆ ಬಂದರು. "ಅತ್ತಿಯವರ ಹೆಸರು ಬೋಜಾದಾಗ ಬರಿಯೂದು ಬ್ಯಾಡ. ಮೊದಲ ಆ ಹಳೇ ಕಾಗದ ಅವರಿಗೆ ಓದಿ ಹೇಳ್ರಿ. ಅವರ ಕಾಗದ ಅವರೇ ಕೇಳಿಲ್ಲ" ಎಂದರು.

ನಿಜವೇ. ಆ ಮೃತ್ಯುಪತ್ರವನ್ನು ಈ ಐದೂವರೆ ದಶಕಗಳಲ್ಲಿ ಯಾರೂ ಆಕೆಗೆ ಓದಿ ಹೇಳಿರಲಿಲ್ಲ. ತಂದೆಯವರು ಅದರಂತೆ ನಡೆದರು, ಟ್ರಂಕಿನಲ್ಲಿ ಇಟ್ಟರು. ನಾವು ಓದಿದೆವು. ಓದುತ್ತ ಹೋದಂತೆ ಮೊದಲು ಕಣ್ಣಿಗೆ ಬೀಳದ ಒಂದು ಸಂಗತಿ ಬಿದ್ದಿತು. ಆ ಕಾಲದ ಕಾಗದಗಳಲ್ಲಿ ವಿಧವೆಯ ಹೆಸರಿನ ಹಿಂದೆ 'ಗಂ. ಭಾ.' ಎಂದು ಬರೆಯುವ ರೂಢಿಯಿತ್ತು. ಗಂಗಾ ಭಾಗೀರಥಿ ಎಂದು ಅದರ ವಿಸ್ತಾರ. ಅಜ್ಜ ಅದನ್ನು ಬರೆಸಿರಲಿಲ್ಲ. ಬರೀ 'ನನ್ನ ಮಗಳು' ಎಂದಿತ್ತು.

ತಹಹಯಾತ ಬಂದಾಗ ಅತ್ತಿ ಕೈಯೆತ್ತಿ ನಿಲ್ಲಿಸಿದಳು.

"ಈ ಶಬ್ದಾ ನನಗ ನೆನಪದ. ಇದೇ ಪಡಸಾಲ್ಯಾಗ ಬರಿಯಾಂವ ಕೂತಿದ್ದಾ. ನಾ ಚಹಾ ತಂದು ಬಾಗಲಾ ಹಿಂದ ನಿಂತಿದ್ದೆ. ಅಂವಾ ಅಪ್ಪನ್ನ ಕೇಳಿದಾ, 'ರಾಯರ, ಎಷ್ಟು ವರ್ಷ ಅಂತ ಹಾಕಲಿ? ಹತ್ತು? ಹದಿನೈದು?' ಅಪ್ಪಗ ಎಲ್ಲಿಲ್ಲದ ಸಿಟ್ಟು ಬಂತು. 'ತಹಹಯಾತ ಅಂತ ಬರಿ' ಅಂತ ಒದರಿದಾ. ನಾ ಅದು ಯಾವದೋ ಸರಕಾರಿ ಹುಕುಂ ಇರಬೇಕು ಅಂತ ಇಷ್ಟು ದಿನಾ ತಿಳಕೊಂಡಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯೂತನಕಾ ಅಂತೇನು?" ಎಂದಳು.

ಬದುಕಿರೂತನಕಾ ಎಂದೆವು. ಶಾಸನಗಳಲ್ಲಿ ರಾಜರು ಆಚಂದ್ರಾರ್ಕವಾಗಿ ಕೊಟ್ಟರು, ಸೂರ್ಯಚಂದ್ರರು ಇರುವವರೆಗೆ. ಆ ಅಗ್ರಹಾರಗಳಲ್ಲಿ ಎಷ್ಟೋ ಇಂದು ಯಾರ ಕೈಯಲ್ಲಿವೆಯೋ. ಸರಕಾರಿ ಶಾಲೆಯ ಮಾಸ್ತರರಾಗಿದ್ದ ನಮ್ಮ ಅಜ್ಜ ಕೊಟ್ಟದ್ದು ಹತ್ತಡಿ ಹನ್ನೆರಡಡಿಯ ಒಂದು ಖೋಲಿ, ಒಬ್ಬಳ ಉಸಿರಿರುವವರೆಗೆ. ಅದು ಮಾತ್ರ ಇನ್ನೂ ನಡೆದಿದೆ.

ವಕೀಲರು ಹೇಳಿದ ಹದಿನಾಲ್ಕನೆಯ ಕಲಮನ್ನೂ ಅಣ್ಣನ ಎದುರಿಗೇ ಅತ್ತಿಗೆ ಹೇಳಿಬಿಟ್ಟೆವು. ಮುಚ್ಚಿಟ್ಟಿದ್ದರೆ ಹಯಾತಸಾಬರಿಗಿಂತ ದೊಡ್ಡ ತಪ್ಪಾಗುತ್ತಿತ್ತು. ಅಣ್ಣನ ಮುಖ ಸಣ್ಣದಾಯಿತು. ಅತ್ತಿ ಪೂರ್ತಿ ಕೇಳಿ, "ಮಾಲಕಿ ಆಗೂದು ಬ್ಯಾಡೋ. ಒಳಗಿಂದ ಹಾಕ್ಕೊಳ್ಳಿಕ್ಕೆ ಒಂದು ಚಿಲಕ ಇರ್ಲಿ. ಅಪ್ಪ ಬರಸಿದ ಶಬ್ದಾ ಇರ್ಲಿ" ಎಂದಳು. ಮತ್ತೆ ಅವಳು ಕರಡಿನ ಕಡೆ ನೋಡಲಿಲ್ಲ. ಸಂಜೆಯ ಅಡಿಗೆಗೆ ಬದನೆಕಾಯಿ ಹೆಚ್ಚಲು ಕುಳಿತಳು.

ಆಮೇಲೆ ನಡೆದದ್ದು ದೊಡ್ಡ ಕಥೆಯೇನಲ್ಲ. ಕೊಳ್ಳುವವರ ಎದುರು ಅಜ್ಜನ ಕಾಗದವನ್ನು ಇಟ್ಟೆವು. ಅವರು ಮೊದಲು ಹಿಂದೆ ಸರಿದರು, ಒಂದು ತಿಂಗಳ ಮೇಲೆ ತಾವಾಗಿಯೇ ಬಂದರು. ಹೊಸ ಕಟ್ಟಡದಲ್ಲಿ ಅಣ್ಣನಿಗೆ ಬರುವ ನೆಲಮಾಳಿಗೆಯ ಮನೆಯಲ್ಲಿ ಒಂದು ಖೋಲಿ ಅತ್ತಿಯ ವಹಿವಾಟಿಗೆ ಎಂದು, ಆಕೆಯನ್ನೂ ಸೇರಿಸಿಕೊಂಡು, ಮೂವರ ಸಹಿಯಿಂದ ಕರಾರು ಆಗಬೇಕು. ಕಟ್ಟುವವರೆಗೆ ಬಾಡಿಗೆಯ ಮನೆಗೂ ಅದೇ ಮಾತು. ಅಷ್ಟರವರೆಗೆ ಮಾಳಿಗೆಗೆ ತಗಡು ಹೊದಿಸುವ ಖರ್ಚು ನಮ್ಮದೆಂದೆವು. ಅಣ್ಣ ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಹಣ ಮುಟ್ಟಿದ ಸುದ್ದಿಯನ್ನು ವೈನಿ ತಿಳಿಸಿದರು. ಅವನ ಫೋನು ಮೊದಲಿಗಿಂತ ವಿರಳವಾಗಿದೆ.

ಕರಡು ಮೂರು ಸಲ ಪುಣೆಗೂ ಧಾರವಾಡಕ್ಕೂ ಓಡಾಡಿದೆ. ಮೊದಲನೆಯದರಲ್ಲಿ ಕೊಳ್ಳುವವರ ಕಡೆಯ ವಕೀಲರು 'ಜೀವಿತಾವಧಿಯವರೆಗೆ' ಎಂದು ಹಾಕಿದ್ದರು. ಅರ್ಥದಲ್ಲಿ ತಪ್ಪೇನಿಲ್ಲ. ಅತ್ತಿಯ ಮಾತನ್ನು ತಿಳಿಸಿ, ಅದರ ಪಕ್ಕದಲ್ಲಿಯೇ ಹಳೆಯ ಶಬ್ದವನ್ನೂ ಸೇರಿಸಬೇಕೆಂದು ಕೇಳಿಕೊಂಡೆವು. ಎರಡನೆಯದರಲ್ಲಿ ಅದು 'ತಹಶೀಲ ಹಯಾತ' ಎಂದು ಬೆರಳಚ್ಚಾಗಿ ಬಂದಿತು. ಹೋದ ಸೋಮವಾರ ಬಂದ ಮೂರನೆಯದರಲ್ಲಿ ಶಬ್ದ ಸರಿಯಾಗಿದೆ, ಆದರೆ ಅತ್ತಿಯ ಹೆಸರಿನ ಹಿಂದೆ ಯಾರೋ ಮರೆಯದೆ 'ಗಂ. ಭಾ.' ಸೇರಿಸಿದ್ದಾರೆ. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ, ಅಂಚಿನಲ್ಲಿ ನಮ್ಮ ಸಣ್ಣ ಸಹಿ ಮಾಡಿ, ಮರುದಿನದ ಟಪಾಲಿಗೆ ಹಾಕಿದ್ದೇವೆ.